ಪುಕ್ಕಟೆ ರೂಮ್ ಅಂದವನ ಕೈಗೆ ಮಗುವಿನ ಫೋಟೊ ಕೊಡಬೇಡಿ

ಕಾಯಿಲೆಯ ಮಗುವನ್ನು ಕರೆದುಕೊಂಡು ಕಲಬುರಗಿಗೆ ಬರುವವರು ಇದನ್ನು ಒಮ್ಮೆ ಓದಿ. ನಮಗೆ ಯಾರೂ ಹೇಳಿರಲಿಲ್ಲ.

ನಮ್ಮಕ್ಕನ ಮಗನಿಗೆ ಆರು ವರ್ಷ. ರಕ್ತದ ಕ್ಯಾನ್ಸರ್. ಊರು ಸುರಪುರ ತಾಲ್ಲೂಕಿನ ಹಳ್ಳಿ. ಆಸ್ಪತ್ರೆಯಲ್ಲಿ ಕೀಮೊ ಕೊಟ್ಟು ಕಳಿಸುತ್ತಾರೆ, ಮೂರು ದಿನ ಬಿಟ್ಟು ಮತ್ತೆ ಬನ್ನಿ ಅನ್ನುತ್ತಾರೆ. ಮೇ ತಿಂಗಳ ಬಿಸಿಲಲ್ಲಿ ಆ ಕೂಸನ್ನು ಬಸ್ಸಿನಲ್ಲಿ ನೂರು ಕಿಲೋಮೀಟರ್ ಹೊತ್ತು ತಿರುಗುವುದು ಆಗದ ಮಾತು. ಲಾಡ್ಜ್ ಹಿಡಿಯೋಣ ಅಂದರೆ ಈ ಕಾಯಿಲೆಯ ಚಿಕಿತ್ಸೆ ಎರಡು-ಮೂರು ವರ್ಷ ನಡೆಯುತ್ತದೆ. ಎಲ್ಲಿಂದ ತರೋದು?

ಗೇಟಿನ ಹೊರಗೆ ಬೇವಿನ ಮರದ ಕೆಳಗೆ ಕೂತಿದ್ದಾಗ ಒಬ್ಬ ಬಂದ. ಕೊರಳಲ್ಲಿ ಐಡಿ ಕಾರ್ಡ್, ಕೈಯಲ್ಲಿ ಬಾಳೆಹಣ್ಣು. "ಯಕ್ಕಾ, ರೂಮ್ ಬೇಕೇನ್ರಿ? ನಮ್ಮದು ಟ್ರಸ್ಟ್ ಅದ. ಒಂದ್ ರೂಪಾಯಿ ಕೊಡಬ್ಯಾಡ್ರಿ" ಅಂದ. ಅಕ್ಕ ಅವನ ಕಾಲಿಗೆ ಬೀಳೋದೊಂದು ಬಾಕಿ.

ರೂಮ್ ನೋಡಿದರೆ ಮೂರು ಸಂಸಾರಕ್ಕೆ ಒಂದೇ ಕೋಣೆ, ಹನ್ನೊಂದು ಜನಕ್ಕೆ ಒಂದೇ ಪಾಯಿಖಾನೆ. ಪುಕ್ಕಟೆ ಅಲ್ವಾ ಅಂತ ಸುಮ್ಮನಾದೆವು. ರೆಕಾರ್ಡ್‌ಗೆ ಬೇಕು ಅಂತ ಆಧಾರ್, ರೇಷನ್ ಕಾರ್ಡ್ ಎರಡೂ ಒರಿಜಿನಲ್ ಇಸಿದುಕೊಂಡ. ಆಸ್ಪತ್ರೆ ಫೈಲಿನ ಒಂದೊಂದು ಹಾಳೆಯನ್ನೂ ಮೊಬೈಲಿನಲ್ಲಿ ತೆಗೆದ. ಆಮೇಲೆ ಹುಡುಗನ ವಿಡಿಯೊ. ಕೂದಲು ಉದುರಿದ ತಲೆಯ ಮೇಲಿನ ಟೋಪಿ ತಾನೇ ತೆಗೆದ. "ಅಕ್ಕಾ, ಕೈ ಮುಗೀರಿ, ಸ್ವಲ್ಪ ಅಳ್ರಿ" ಅಂದ. ಅಲ್ಲೇ ನಿಂತಿದ್ದ ನನಗೆ ಆ ಮಾತು ಚುಚ್ಚಿತು. ಆದರೂ ಬಾಯಿ ಬಿಡಲಿಲ್ಲ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೇ ಸಿಟ್ಟು.

ಒಂಬತ್ತನೇ ದಿನ ರಾತ್ರಿ ಹುಡುಗನಿಗೆ ಜ್ವರ ಬಂತು. ಪಕ್ಕದ ಸಂಸಾರದ ಕೂಸಿಗೆ ವಾರದಿಂದ ನೆಗಡಿ, ಕೆಮ್ಮು ಇತ್ತು. ಗುಳಿಗೆ ಕೊಟ್ಟು ಬೆಳಗಿನವರೆಗೆ ಕಾದೆವು. ಡಾಕ್ಟರು ಬೈದರು. ಕೀಮೊ ಆದ ಮಕ್ಕಳಿಗೆ ಬಿಳಿ ರಕ್ತಕಣ ಇಳಿದಿರುತ್ತವೆ, ಸೋಂಕು ತಡೆಯುವ ಶಕ್ತಿ ಇರುವುದಿಲ್ಲ. ಜ್ವರ 100.4 ಡಿಗ್ರಿ ದಾಟಿದರೆ ನಡುರಾತ್ರಿಯಾದರೂ ಕರೆತರಬೇಕಂತೆ. ಐದು ದಿನ ವಾರ್ಡಿನಲ್ಲೇ ಇಟ್ಟುಕೊಂಡರು.

ಆಗಲೇ ಪುಣೆಯಲ್ಲಿ ದುಡಿಯುವ ನಮ್ಮ ಚಿಕ್ಕಪ್ಪನ ಮಗ ಫೋನ್ ಮಾಡಿದ. "ಅಣ್ಣಾ, ಇವ ನಮ್ಮ ಹುಡುಗ ಅಲ್ಲೇನು?" ವಾಟ್ಸಾಪಿನಲ್ಲಿ ಅದೇ ವಿಡಿಯೊ. ಹೆಸರು ಮಾತ್ರ ಬೇರೆ. ಆಪರೇಷನ್‌ಗೆ ನಾಲ್ಕು ಲಕ್ಷ ಬೇಕು ಅಂತ ಬರೆದು ಕೆಳಗೆ ಕ್ಯೂಆರ್ ಕೋಡ್. ನಮ್ಮ ಹುಡುಗನಿಗೆ ಆಪರೇಷನ್ನೇ ಇಲ್ಲ! ಚಿಕಿತ್ಸೆ ಬಿಪಿಎಲ್ ಕಾರ್ಡಿನ ಮೇಲೆ ಆರೋಗ್ಯ ಕರ್ನಾಟಕದಲ್ಲಿ ನಡೆದಿತ್ತು. ಆ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ. ಕೋಡ್ ಸ್ಕ್ಯಾನ್ ಮಾಡಿದರೆ ಟ್ರಸ್ಟಿನ ಹೆಸರಿಲ್ಲ, ಯಾರೋ ಒಬ್ಬ ಮನುಷ್ಯನ ಖಾತೆ. ಫೋನ್ ಮಾಡಿದ ಆ ತಮ್ಮನೇ ಹೆಸರು ನೋಡದೆ ಮೊದಲು 500 ಹಾಕಿ, ಆಮೇಲೆ ಮುಖ ನೋಡಿದ್ದನಂತೆ.

ಕೇಳಲು ಹೋದರೆ ಆ ಟ್ರಸ್ಟಿನವನ ಮಾತೇ ಬೇರೆ. "ರೂಮಿನ ಬಾಡಿಗಿ, ಕರೆಂಟ್ ಯಾರ್ ಕೊಡಬೇಕ್ರಿ? ಆರು ಸಾವಿರ ಕೊಟ್ಟು ಕಾರ್ಡ್ ಒಯ್ರಿ." ರೇಷನ್ ಕಾರ್ಡ್ ಇಲ್ಲದೆ ನಮ್ಮ ಕೈಕಾಲು ಕಟ್ಟಿದಂತಾಗಿತ್ತು. ಕೊಟ್ಟೆವು. ಆಮೇಲೆ ಆನ್‌ಲೈನ್ ಹಣದ ಮೋಸಕ್ಕೆ ಇರುವ ಸರ್ಕಾರಿ ಸಹಾಯವಾಣಿ 1930ಕ್ಕೆ ಫೋನ್ ಮಾಡಿ ದೂರು ಬರೆಸಿದೆವು. ಇಂಥ ಮೋಸಕ್ಕೆ ಹಣ ಹಾಕಿದವರು ತಡ ಮಾಡದೆ ಆ ನಂಬರಿಗೇ ಫೋನ್ ಮಾಡಬೇಕು. ಹಣ ಖಾತೆ ದಾಟುವ ಮೊದಲು ತಡೆಯಲು ಆಗ ಮಾತ್ರ ಸಾಧ್ಯ.

ಬೇಜಾರೇನೆಂದರೆ, ದಾರಿ ಆಸ್ಪತ್ರೆ ಒಳಗೇ ಇತ್ತು. ಆರೋಗ್ಯ ಕರ್ನಾಟಕದ ಕಾಗದಪತ್ರ ನೋಡಿಕೊಳ್ಳುವ ಆರೋಗ್ಯ ಮಿತ್ರರ ಟೇಬಲ್ಲಿಗೆ ದಿನಾ ಹೋಗುತ್ತಿದ್ದೆವು, ಉಳಿಯಲು ಜಾಗ ಇದೆಯಾ ಅಂತ ಒಮ್ಮೆಯೂ ಕೇಳಿರಲಿಲ್ಲ. ಕೇಳಿದಾಗ ಅವರು ಸಮಾಜ ಸೇವಕಿ ಮೇಡಂ ಹತ್ತಿರ ಕಳಿಸಿದರು. ಅವರ ಚೀಟಿಯಿಂದ ಒಂದು ಧರ್ಮಶಾಲೆಯಲ್ಲಿ ಜಾಗ ಸಿಕ್ಕಿತು. ಅಲ್ಲಿ ಆಧಾರ್ ಜೆರಾಕ್ಸ್ ಅಷ್ಟೇ ಕೇಳಿದರು, ಕಟ್ಟಿದ ದುಡ್ಡಿಗೆ ರಸೀದಿ ಕೊಟ್ಟರು. ಹುಡುಗನ ಫೋಟೊ ಯಾರೂ ತೆಗೆಯಲಿಲ್ಲ. ಹೈದರಾಬಾದಿಗೆ ಹೋಗುವ ಬೀದರ್ ಕಡೆಯವರು ಸೇಂಟ್ ಜೂಡ್ ಕೇಂದ್ರದ ಬಗ್ಗೆ ಕೇಳಿ. ಕ್ಯಾನ್ಸರ್ ಮಕ್ಕಳ ಕುಟುಂಬಕ್ಕೆ ಅಲ್ಲಿ ಉಳಿಯಲು ಪುಕ್ಕಟೆ. ಆದರೆ ಆಸ್ಪತ್ರೆಯವರೇ ಕಳಿಸಬೇಕು, ಗೇಟಿನ ಹೊರಗೆ ಸಿಕ್ಕವರಲ್ಲ. ರೈಲಿನಲ್ಲಿ ಹೋಗುವುದಾದರೆ ಆಸ್ಪತ್ರೆಯಿಂದ ರಿಯಾಯಿತಿ ಸರ್ಟಿಫಿಕೇಟ್ ಬರೆಸಿಕೊಳ್ಳಿ. ಸ್ಲೀಪರ್‌ನಲ್ಲಿ ಕ್ಯಾನ್ಸರ್ ರೋಗಿಗೆ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಶೇ. 75 ರಿಯಾಯಿತಿ.

ಆ ವಿಡಿಯೊ ಇನ್ನೂ ತಿರುಗುತ್ತಿದೆ. ನೀಲಿ ಚಾದರ, ಹುಡುಗನ ಕೈಯಲ್ಲಿ ಒಂದು ಗಾಲಿ ಮುರಿದ ಹಳದಿ ಟ್ರ್ಯಾಕ್ಟರ್. ನಿಮಗೆ ಬಂದರೆ ಹಣ ಹಾಕಬೇಡಿ, ಮುಂದೆ ಕಳಿಸಲೂ ಬೇಡಿ. ಆ ಟ್ರ್ಯಾಕ್ಟರ್ ಈಗ ನಮ್ಮ ಮನೆ ಕಟ್ಟೆಯ ಮೇಲಿದೆ. ಅವನು ನಿನ್ನೆ ಅದರಲ್ಲಿ ಶೇಂಗಾ ತುಂಬಿಕೊಂಡು ಓಡಿಸುತ್ತಿದ್ದ.