ಹಳೇ ಜಿಪ್ಸಿಗೆ ಎಂಪಿಎಫ್‌ಐ ಎಂಜಿನ್, ಅದಕ್ಕೆ ಸ್ಪೀಡುಯಿನೊ ಇಸಿಯು: ಕೆಲವು ವರ್ಷ ಓಡಿಸಿದ ಮೇಲಿನ ಅನಿಸಿಕೆ

ಎಂಜಿನ್ ಸ್ವಾಪ್ (ಬೇರೆ ಕಾರಿನ ಎಂಜಿನ್ ಕೂರಿಸುವುದು) ಮಾಡಿಸುವ ಎಲ್ಲರಿಗೂ ನಾನು ಸ್ಪೀಡುಯಿನೊ ಇಸಿಯು, ಅಂದರೆ ಇಂಧನ ಮತ್ತು ಸ್ಪಾರ್ಕ್ ನಡೆಸುವ ಕಂಪ್ಯೂಟರ್ ಪೆಟ್ಟಿಗೆ, ತಗೊಳ್ಳಿ ಅನ್ನುವುದಿಲ್ಲ. ನನ್ನ ಗಾಡಿಯಲ್ಲಿ ಅದು ಚೆನ್ನಾಗಿ ಓಡುತ್ತಿದೆ, ತೆಗೆಯುವ ಯೋಚನೆಯೂ ಇಲ್ಲ. ಆದರೆ ಎಂಜಿನ್ ಬಂದ ಕಾರಿನದೇ ಇಸಿಯು ಮತ್ತು ವೈರಿಂಗ್ ಪೂರ್ತಿ ಸಿಕ್ಕಿದ್ದರೆ ಈ ವಿಮರ್ಶೆ ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ.

ಗಾಡಿ ಮಾರುತಿ ಜಿಪ್ಸಿ ಕಿಂಗ್, ಕಾರ್ಬ್ಯುರೇಟರ್ ಕಾಲದ್ದು. 1298 ಸಿಸಿ, ಕಂಪನಿ ಲೆಕ್ಕದಲ್ಲಿ 60 ಬಿಎಚ್‌ಪಿ. ಮುಂದೆ ಇದೇ ಜಿಪ್ಸಿಗೆ 16 ವಾಲ್ವಿನ ಎಂಪಿಎಫ್‌ಐ (ಪ್ರತಿ ಸಿಲಿಂಡರಿಗೂ ಇಂಜೆಕ್ಟರಿನಿಂದ ಪೆಟ್ರೋಲ್ ಚಿಮ್ಮಿಸುವ) ಎಂಜಿನ್ ಬಂತು, ಬಿಎಚ್‌ಪಿ 80ಕ್ಕೆ ಏರಿತು. ಆ ಎಂಜಿನ್ನಿನ ಅಣ್ಣತಮ್ಮನೇ ಎಸ್ಟೀಮ್‌ನಲ್ಲೂ ಇತ್ತು. ಹಾಗಾಗಿ ಗುಜರಿಗೆ ಹೋದ ಎಸ್ಟೀಮ್‌ನ ಎಂಜಿನ್ ತಂದು ಜಿಪ್ಸಿಗೆ ಕೂರಿಸುವುದು ಹಳೆಯ ಚಾಳಿ. ಎಂಜಿನ್ ಕೂರಿಸುವುದು ದೊಡ್ಡ ವಿಷಯವಲ್ಲ. ಅದನ್ನು ಓಡಿಸುವ ಪೆಟ್ಟಿಗೆ ಯಾವುದು ಅನ್ನುವಲ್ಲೇ ಜನ ತಿಂಗಳುಗಟ್ಟಲೆ ಸಿಕ್ಕಿಹಾಕಿಕೊಳ್ಳುತ್ತಾರೆ.

ಗುಜರಿಯವರು ಎಂಜಿನ್ ಬೇಗ ಇಳಿಸಬೇಕು ಅಂತ ವೈರಿಂಗನ್ನು ಕಟಿಂಗ್ ಪ್ಲೇಯರ್‌ನಲ್ಲಿ ಕಚಕ್ ಅಂತ ಕತ್ತರಿಸಿಬಿಡುತ್ತಾರೆ. ಇಸಿಯು ಬೇರೆ ಕಡೆ ಮಾರಾಟವಾಗಿರುತ್ತದೆ. ಸಿಕ್ಕರೂ ಎಸ್ಟೀಮ್‌ನಲ್ಲಿ ಎಂಜಿನ್ ಅಡ್ಡಕ್ಕೆ ಕೂತಿರುತ್ತದೆ, ಜಿಪ್ಸಿಯಲ್ಲಿ ಉದ್ದಕ್ಕೆ. ಅರ್ಧ ವೈರುಗಳು ಉದ್ದ ಸಾಲುವುದಿಲ್ಲ. ಇನ್ನೂ ಹೊಸ ಮಾರುತಿಗಳಾದರೆ ಕಳ್ಳತನ ತಡೆಯುವ ಐಕ್ಯಾಟ್ಸ್ ಇಮ್ಮೊಬಿಲೈಸರ್ ಇರುತ್ತದೆ. ಆಗ ಇಸಿಯು, ಕೀ, ಇಮ್ಮೊಬಿಲೈಸರ್ ಪೆಟ್ಟಿಗೆ ಮೂರೂ ಒಂದೇ ಕಾರಿನವು ಆಗಿರಬೇಕು. ಇಲ್ಲದಿದ್ದರೆ ಸೆಲ್ಫ್ ಹೊಡೆಯುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಇಷ್ಟೆಲ್ಲ ಇದ್ದರೂ ಪೂರ್ತಿ ಸೆಟ್ ಸಿಕ್ಕವರು ಅದನ್ನೇ ಹಾಕಲಿ. ಕಂಪನಿಯ ಇಸಿಯುಗೆ ಚಳಿಯಲ್ಲಿ ಸ್ಟಾರ್ಟ್ ಮಾಡುವುದು, ಐಡ್ಲಿಂಗ್ ಹಿಡಿಯುವುದು, ಎಸಿ ಹಾಕಿದಾಗ ಆರ್‌ಪಿಎಂ ಏರಿಸುವುದು, ಒಂದು ಸೆನ್ಸರ್ ಸತ್ತರೂ ಮನೆ ಮುಟ್ಟಿಸುವುದು ಎಲ್ಲ ಗೊತ್ತು. ಬೇರೆ ಇಸಿಯು ತಂದರೆ ಅದಷ್ಟನ್ನೂ ನಾವೇ ಕೂತು ಕಲಿಸಬೇಕು.

ಇಲ್ಲೊಂದು ಗೊಂದಲ ತುಂಬಾ ಕೇಳುತ್ತೇನೆ. ಬೆಂಗಳೂರಿನ ರೇಸ್ ಡೈನಮಿಕ್ಸ್‌ನ ಪವರ್‌ಟ್ರಾನಿಕ್ ತರಹದ ಪಿಗ್ಗಿಬ್ಯಾಕ್ ಹಾಕಿದರೆ ಸಾಕಲ್ವಾ ಅಂತ. ಸಾಕಾಗುವುದಿಲ್ಲ. ಪಿಗ್ಗಿಬ್ಯಾಕ್ ಇರುವುದು ಕಂಪನಿ ಇಸಿಯುವಿನ ಸಿಗ್ನಲ್ ತಿದ್ದುವುದಕ್ಕೆ. ಇಸಿಯುವೇ ಇಲ್ಲದ ಗಾಡಿಯಲ್ಲಿ ಅದಕ್ಕೆ ಕೆಲಸವಿಲ್ಲ. ನಮಗೆ ಬೇಕಿರುವುದು ಸ್ಟ್ಯಾಂಡ್‌ಅಲೋನ್, ಅಂದರೆ ಕಂಪನಿ ಇಸಿಯು ಇಲ್ಲದೆ ತಾನೇ ಎಂಜಿನ್ ನಡೆಸುವಂಥದ್ದು. ಅದರಲ್ಲಿ ಹಾಲ್‌ಟೆಕ್, ಲಿಂಕ್ ತರಹದವು ಒಳ್ಳೆಯವೇ. ಆದರೆ ಕಸ್ಟಮ್ಸ್ ಸೇರಿದರೆ ಇಸಿಯು ಬೆಲೆ ಎಂಜಿನ್ನಿನ ಬೆಲೆಯನ್ನೇ ದಾಟುತ್ತದೆ. ಜಿಪ್ಸಿಗೆ ಅದು ಜಾಸ್ತಿಯಾಯಿತು.

ಸ್ಪೀಡುಯಿನೊ ಆಸ್ಟ್ರೇಲಿಯಾದಲ್ಲಿ ಶುರುವಾದ ಓಪನ್ ಸೋರ್ಸ್ ಯೋಜನೆ. ಒಳಗಿರುವುದು ಕಾಲೇಜು ಹುಡುಗರು ಪ್ರಾಜೆಕ್ಟಿಗೆ ಬಳಸುವ ಆರ್ಡುಯಿನೊ ಮೆಗಾ 2560. 8 ಬಿಟ್, 16 ಮೆಗಾಹರ್ಟ್ಸ್. ಇಷ್ಟು ಸಣ್ಣ ಚಿಪ್ಪು ಎಂಜಿನ್ ನಡೆಸುತ್ತದಾ ಅಂತ ನಗುವವರಿದ್ದಾರೆ. ನಾಲ್ಕು ಸಿಲಿಂಡರ್ ಎಂಜಿನ್ ಆರು ಸಾವಿರ ಆರ್‌ಪಿಎಂನಲ್ಲಿ ತಿರುಗಿದರೂ ಒಂದು ಸೆಕೆಂಡಿಗೆ 200 ಸ್ಪಾರ್ಕ್ ಅಷ್ಟೇ. ಚಿಪ್ಪಿಗೆ ಅದು ಭಾರವೇನಲ್ಲ. ನಾಲ್ಕು ಇಂಜೆಕ್ಟರ್, ನಾಲ್ಕು ಇಗ್ನಿಷನ್ ಲೈನು ಕೊಡುತ್ತದೆ. ಎಂಜಿನ್ ಎಳೆಯುವ ಗಾಳಿಯ ಒತ್ತಡ ಅಳೆಯುವ ಮ್ಯಾಪ್ ಸೆನ್ಸರ್ ಬೋರ್ಡಿನ ಮೇಲೇ ಇದೆ. ಸೆಟ್ಟಿಂಗ್ ತಿದ್ದಲು ಲ್ಯಾಪ್‌ಟಾಪಿನಲ್ಲಿ ಟ್ಯೂನರ್ ಸ್ಟುಡಿಯೊ ಸಾಫ್ಟ್‌ವೇರ್ ಬೇಕು. ಉಚಿತ ಆವೃತ್ತಿಯಲ್ಲಿ ಕೆಲಸ ನಡೆಯುತ್ತದೆ, ಆದರೆ ಓಡಿಸುತ್ತಲೇ ಫ್ಯುಯೆಲ್ ಟೇಬಲ್ (ಯಾವ ಆರ್‌ಪಿಎಂ, ಯಾವ ಒತ್ತಡಕ್ಕೆ ಎಷ್ಟು ಇಂಧನ ಅನ್ನುವ ಕೋಷ್ಟಕ) ತಿದ್ದುವ ಆಟೋಟ್ಯೂನ್ ಬೇಕೆಂದರೆ ದುಡ್ಡು ಕೊಡಬೇಕು. ಕೊಡಿ. ಇಡೀ ಖರ್ಚಿನಲ್ಲಿ ನನಗೆ ಅತಿ ಹೆಚ್ಚು ಲಾಭ ಕೊಟ್ಟದ್ದು ಅದೇ.

ಅದರ ಜೊತೆಗೆ ಹೊಗೆ ನೋಡಿ ಗಾಳಿ-ಇಂಧನದ ಮಿಶ್ರಣ ಅಳೆಯುವ ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಬೇಕೇ ಬೇಕು. ಬಾಷ್ ಎಲ್‌ಎಸ್‌ಯು 4.9 ಬಳಸುವ ಕಂಟ್ರೋಲರ್ ಯಾವುದಾದರೂ ಆದೀತು. ಈಗ ಪಂಪಿನಲ್ಲಿ ಸಿಗುವುದು ಇ20, ಅಂದರೆ ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್. ಎಥನಾಲ್ ಇಲ್ಲದ ಪೆಟ್ರೋಲ್ ಸರಿಯಾಗಿ ಉರಿಯಲು ತೂಕದಲ್ಲಿ ಒಂದು ಪಾಲಿಗೆ 14.7 ಪಾಲು ಗಾಳಿ ಬೇಕು. ಇ20ಗೆ ಸುಮಾರು 13.5. ಅಂದರೆ ಅಷ್ಟೇ ಗಾಳಿಗೆ ಶೇಕಡಾ 8ರಿಂದ 9ರಷ್ಟು ಹೆಚ್ಚು ಇಂಧನ ಹೋಗಬೇಕು. ಹಳೆ ಪೆಟ್ರೋಲಿಗೆ ಮಾಡಿದ ಫ್ಯುಯೆಲ್ ಟೇಬಲ್ ಹಾಗೇ ಇಟ್ಟರೆ ಎಂಜಿನ್ ಲೀನ್ (ಇಂಧನ ಸಾಲದೆ) ಓಡುತ್ತದೆ, ಬಿಸಿಯಾಗುತ್ತದೆ. ನನ್ನ ಸಲಹೆ ಇಷ್ಟೇ: ಎಎಫ್‌ಆರ್ (ಗಾಳಿ-ಇಂಧನ ಅನುಪಾತ) ಅಂಕಿ ಬಿಟ್ಟು ಲ್ಯಾಂಬ್ಡಾದಲ್ಲಿ ಯೋಚಿಸಿ. ಯಾವ ಪೆಟ್ರೋಲ್ ಇದ್ದರೂ ಲ್ಯಾಂಬ್ಡಾ 1 ಅಂದರೆ 1, ಆ ಪೆಟ್ರೋಲಿಗೆ ಬೇಕಾದಷ್ಟೇ ಗಾಳಿ.

ಬೆಂಗಳೂರಿನಲ್ಲಿ ಟ್ಯೂನ್ ಮಾಡುವವರಿಗೆ ಯಾವ ಕೈಪಿಡಿಯೂ ಹೇಳದ ಒಂದು ವಿಷಯವಿದೆ. ಊರು 900 ಮೀಟರಿಗಿಂತ ಎತ್ತರದಲ್ಲಿದೆ. ಇಲ್ಲಿನ ಗಾಳಿಯ ಒತ್ತಡ 91 ಕಿಲೋಪಾಸ್ಕಲ್ ಆಸುಪಾಸು. ಆಕ್ಸಿಲೇಟರ್ ಪೂರ್ತಿ ತುಳಿದರೂ ಮ್ಯಾಪ್ ಸೆನ್ಸರ್ ಅದಕ್ಕಿಂತ ಮೇಲೆ ತೋರಿಸುವುದಿಲ್ಲ. ಹಾಗಾಗಿ ಟೇಬಲ್ಲಿನ 95, 100ರ ಸಾಲುಗಳಿಗೆ ಇಲ್ಲಿ ಎಷ್ಟು ಓಡಿಸಿದರೂ ಕೈ ಹೋಗುವುದೇ ಇಲ್ಲ. ಶಿರಾಡಿ ಇಳಿದು ಮಂಗಳೂರು ಮುಟ್ಟಿ ಲಾರಿ ಓವರ್‌ಟೇಕ್ ಮಾಡಲು ಪೂರ್ತಿ ತುಳಿಯಿರಿ, ಎಂಜಿನ್ ಮೊದಲ ಸಲ ಆ ಸಾಲಿಗೆ ಹೋಗುತ್ತದೆ. ಅಲ್ಲಿ ಇರುವುದು ಯಾರೋ ಊಹಿಸಿ ತುಂಬಿದ ಅಂಕಿ! ಅಲ್ಲಿ ಇಗ್ನಿಷನ್ ಅಡ್ವಾನ್ಸ್ ಜಾಸ್ತಿ ಇದ್ದರೆ, ಅಂದರೆ ಸ್ಪಾರ್ಕ್ ತೀರಾ ಮುಂಚೆ ಬಂದರೆ, ಸೆಕೆಂಡಿನಲ್ಲಿ ನಾಕಿಂಗ್ (ಎಂಜಿನ್ನಿಗೆ ಹಾನಿ ಮಾಡುವ ಬಡಿತ) ಶುರು. ಆ ಸಾಲುಗಳಿಗೆ ಕೆಳಗಿನ ಸಾಲಿಗಿಂತ ಸ್ವಲ್ಪ ರಿಚ್ (ಇಂಧನ ಜಾಸ್ತಿ), ಸ್ವಲ್ಪ ಕಡಿಮೆ ಅಡ್ವಾನ್ಸ್ ಕೊಟ್ಟು ಕರಾವಳಿಯಲ್ಲೇ ಹೋಗಿ ತಿದ್ದುವುದು ಸರಿ. ನಾಕ್ ಸೆನ್ಸರ್ ಕೇಳಿಸಿಕೊಂಡು ತಾನೇ ಟೈಮಿಂಗ್ ಹಿಂದೆ ಎಳೆಯುವ ವ್ಯವಸ್ಥೆ ನನ್ನ ಬೋರ್ಡಿನಲ್ಲಿಲ್ಲ. ಹಾಗಾಗಿ ಈ ಎಚ್ಚರ ನಮ್ಮದೇ.

ಘಾಟಿ ಹತ್ತುವಾಗ ಇದರದ್ದೇ ಉಲ್ಟಾ. ಕೀ ಆನ್ ಮಾಡಿದಾಗ ಸ್ಪೀಡುಯಿನೊ ಹೊರಗಿನ ಒತ್ತಡ ಓದಿಕೊಳ್ಳುತ್ತದೆ. ಹೊರಗಿನ ಒತ್ತಡಕ್ಕೇ ಬೇರೆ ಬ್ಯಾರೋ ಸೆನ್ಸರ್ ಹಾಕದಿದ್ದರೆ ಆಫ್ ಮಾಡುವವರೆಗೂ ಅದೇ ಲೆಕ್ಕ. ಮ್ಯಾಪ್ ಸೆನ್ಸರ್ ಆಧಾರದ ಲೆಕ್ಕದಲ್ಲಿ ವ್ಯತ್ಯಾಸ ಸಣ್ಣದು. ಆದರೂ ಚಿಕ್ಕಮಗಳೂರಿನಿಂದ ಮುಳ್ಳಯ್ಯನಗಿರಿ ಕಡೆ ಹತ್ತಿದ ಮೇಲೆ ಐಡ್ಲಿಂಗ್ ಸ್ವಲ್ಪ ಮಂಕಾಗುತ್ತದೆ. ಚಹಾಕ್ಕೆ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಸರಿಹೋಗುತ್ತದೆ. ನನಗೆ ಅಷ್ಟು ಸಾಕು, ಎರಡನೇ ಸೆನ್ಸರ್ ಹಾಕಿಲ್ಲ.

ಎತ್ತರದ ತಮಾಷೆ ಇನ್ನೊಂದಿದೆ. ಕೂಲೆಂಟ್ ಸೆನ್ಸರ್ ಯಾವ ಬಿಸಿಯಲ್ಲಿ ಎಷ್ಟು ಓಮ್ ತೋರಿಸುತ್ತದೆ ಅಂತ ಇಸಿಯುಗೆ ಮೂರು ಅಳತೆ ಕೊಡಬೇಕು. ಐಸ್ ನೀರು, ಕೊಠಡಿಯ ನೀರು, ಕುದಿಯುವ ನೀರು. ಬೆಂಗಳೂರಿನಲ್ಲಿ ನೀರು ಕುದಿಯುವುದು 97 ಡಿಗ್ರಿಗೆ. 100 ಅಂತ ಬರೆದರೆ ಅಲ್ಲೇ ಮೂರು ಡಿಗ್ರಿ ತಪ್ಪು.

ಚಳಿ ಸ್ಟಾರ್ಟ್ ವಿಷಯದಲ್ಲಿ ತಾಳ್ಮೆ ಬೇಕು. ಎಂಜಿನ್ ರಾತ್ರಿಯಿಡೀ ತಣ್ಣಗಾಗಬೇಕು. ಹಾಗಾಗಿ ಒಂದು ಬೆಳಗ್ಗೆಗೆ ಒಂದೇ ಪ್ರಯತ್ನ. ಬೆಂಗಳೂರಿನ ಹವೆಗೆ ಬೇಗ ಹೊಂದಿಕೊಂಡಿತು. ಡಿಸೆಂಬರಿನ ಮಡಿಕೇರಿಗೆ ಬೇರೆ ತಿದ್ದುಪಡಿ ಬೇಕಾಯಿತು.

ಈಗ ತೊಂದರೆಗಳಿಗೆ ಬರುತ್ತೇನೆ. ನೋಡಿದಷ್ಟರಲ್ಲಿ ಫರ್ಮ್‌ವೇರ್ (ಇಸಿಯು ಒಳಗಿನ ಸಾಫ್ಟ್‌ವೇರ್) ನನಗೆ ಕೈ ಕೊಟ್ಟಿಲ್ಲ. ಕೈ ಕೊಟ್ಟಿದ್ದೆಲ್ಲ ತಾಮ್ರ, ತವರ, ಪ್ಲಾಸ್ಟಿಕ್. ನಾನು ರೆಡಿಯಾಗಿ ಜೋಡಿಸಿಟ್ಟ ಬೋರ್ಡನ್ನೇ ಆನ್‌ಲೈನಿನ ಒಬ್ಬ ಮಾರಾಟಗಾರರಿಂದ ತರಿಸಿದ್ದೆ. ಒಂದು ಪಿನ್ನಿನ ಬೆಸುಗೆ ಅರೆಬರೆ. ಕಚ್ಚಾ ರಸ್ತೆಯಲ್ಲಿ ಮಾತ್ರ ಮಿಸ್ಸಿಂಗ್, ಡಾಂಬರಿನಲ್ಲಿ ಏನೂ ಇಲ್ಲ. ಮೆಗಾ ಬೋರ್ಡು ಕೆಳಗಿನ ಬೋರ್ಡಿಗೆ ಬರೀ ಪಿನ್ನುಗಳ ಮೇಲೆ ಕೂತಿರುತ್ತದೆ, ಜಿಪ್ಸಿಯ ಲೀಫ್ ಸ್ಪ್ರಿಂಗ್ ಕುಣಿತಕ್ಕೆ ಅದು ಹೇಳಿಮಾಡಿಸಿದ್ದಲ್ಲ. ಪೆಟ್ಟಿಗೆ ನೀರು ತಡೆಯುವುದಿಲ್ಲ, ಹಾಗಾಗಿ ಡ್ಯಾಶ್‌ಬೋರ್ಡಿನ ಒಳಗೆ ಮೇಲ್ಗಡೆಯೇ ಜಾಗ. ರೆಸಿಸ್ಟರ್ ಇಲ್ಲದ ಪ್ಲಗ್ ಹಾಕಿದರೆ ಲ್ಯಾಪ್‌ಟಾಪ್ ಸಂಪರ್ಕ ಪದೇಪದೇ ಕಡಿಯುತ್ತದೆ. ಎನ್‌ಜಿಕೆ ಪ್ಲಗ್ಗಿನ ನಂಬರಿನಲ್ಲಿ ಆರ್ ಅಕ್ಷರ ಇದೆಯಾ ನೋಡಿ. ಇನ್ನೊಂದು: ಎಂಜಿನ್ ಓಡುತ್ತಿರುವಾಗ ಯುಎಸ್‌ಬಿಯಲ್ಲಿ ಲ್ಯಾಪ್‌ಟಾಪ್ ಕನೆಕ್ಟ್ ಮಾಡಿದರೆ ಆರ್ಡುಯಿನೊ ರೀಸೆಟ್ ಆಗುವ ಗುಣದ್ದು. ಅದನ್ನು ತಡೆಯುವ ಸೆಟ್ಟಿಂಗ್ ಇದೆ, ಮೊದಲ ದಿನವೇ ಹಾಕಿಕೊಳ್ಳಿ.

ಸೆನ್ಸರ್‌ಗಳ ಅರ್ಥಿಂಗ್ ಇಸಿಯುವಿನಲ್ಲೇ ಮುಗಿಯಬೇಕು, ಕಾಯಿಲ್‌ನ ಅರ್ಥಿಂಗ್ ಮತ್ತು ಇಂಜೆಕ್ಟರ್ ನಡೆಸುವ ಇಸಿಯುವಿನ ಪವರ್ ಅರ್ಥಿಂಗ್ ಎಂಜಿನ್ ಬ್ಲಾಕಿಗೆ. ಎರಡನ್ನೂ ಬಾಡಿಯಲ್ಲಿ ಎಲ್ಲೋ ಒಂದೇ ಬೋಲ್ಟಿಗೆ ಸೇರಿಸಿದರೆ ಆ ಮೇಲೆ ಯಾವ ಇಸಿಯು ಹಾಕಿದರೂ ಒಂದೇ. ಎಂಜಿನ್ ಎಷ್ಟು ತಿರುಗಿದೆ ಅಂತ ಇಸಿಯುಗೆ ತಿಳಿಯಲು ನಾನು ಕ್ರ್ಯಾಂಕ್ ಪುಲ್ಲಿಗೆ 36ರಲ್ಲಿ ಒಂದು ಹಲ್ಲು ಬಿಟ್ಟ ಚಕ್ರ ಮಾಡಿಸಿ ಹಾಲ್ ಸೆನ್ಸರ್ ಹಾಕಿಸಿದೆ. ಹಲ್ಲಿಗೆ 10 ಡಿಗ್ರಿ, ಲೆಕ್ಕ ಸುಲಭ. ಹಳೆಯ ಎರಡು ವೈರಿನ ಮ್ಯಾಗ್ನೆಟಿಕ್ ಸೆನ್ಸರ್ ಉಳಿಸಿಕೊಂಡರೆ ಸಿಗ್ನಲ್ ತಿದ್ದುವ ಬೇರೆ ಸಣ್ಣ ಬೋರ್ಡು ಬೇಕಾಗುತ್ತದೆ. ಇಂಜೆಕ್ಷನ್ ಬ್ಯಾಚ್ (ಇಂಜೆಕ್ಟರುಗಳು ಗುಂಪಾಗಿ ಚಿಮ್ಮುತ್ತವೆ), ಸ್ಪಾರ್ಕ್ ವೇಸ್ಟೆಡ್ (ಎರಡು ಸಿಲಿಂಡರಿಗೆ ಒಟ್ಟಿಗೆ). ಸೀಕ್ವೆನ್ಶಿಯಲ್ (ಒಂದೊಂದಾಗಿ ಸರದಿಯಲ್ಲಿ) ಮಾಡಲು ಕ್ಯಾಮ್ ಸೆನ್ಸರ್ ಎಳೆಯಬೇಕು, ಈ ಎಂಜಿನ್ನಿಗೆ ಅದರಿಂದ ಸಿಗುವುದು ಬಹಳ ಕಡಿಮೆ.

ಇಷ್ಟು ಬಳಸಿದ ಮೇಲೆ, ಹೊಸದಾಗಿ ಕೊಳ್ಳುವವರು ಮೈಕ್ರೊಸ್ಕ್ವರ್ಟ್ ಅನ್ನುವ ಇನ್ನೊಂದು ಸ್ಟ್ಯಾಂಡ್‌ಅಲೋನ್ ಇಸಿಯು ಕಡೆಗೂ ಒಮ್ಮೆ ನೋಡಲಿ. ಇಂಜೆಕ್ಟರಿಗೆ ಎರಡು, ಇಗ್ನಿಷನ್ನಿಗೆ ಎರಡು ಲೈನು ಮಾತ್ರ, ಮ್ಯಾಪ್ ಸೆನ್ಸರ್ ಹೊರಗೆ ಹಾಕಬೇಕು. ಆದರೆ ನಾನು ಓಡಿಸುವ ರೀತಿಗೆ ಅಷ್ಟೇ ಸಾಕು. ಸೀಲ್ ಆದ ಸಣ್ಣ ಪೆಟ್ಟಿಗೆ, 35 ಪಿನ್ನಿನ ಗಟ್ಟಿ ಕನೆಕ್ಟರ್. ನನಗೆ ಬಂದ ತೊಂದರೆಗಳಲ್ಲಿ ಮುಕ್ಕಾಲು ಪಾಲು ಅದರಲ್ಲಿ ಬರುವುದಿಲ್ಲ. ಎಲೆಕ್ಟ್ರಾನಿಕ್ ಥ್ರಾಟಲ್ (ಕೇಬಲ್ ಬದಲು ಮೋಟಾರಿನಿಂದ ತೆರೆಯುವಂಥದ್ದು) ಇರುವ ಹೊಸ ಎಂಜಿನ್ ತರುವವರು ಸ್ಪೀಡುಯಿನೊ ಕಡೆ ನೋಡಲೇಬೇಡಿ, ಅದು ಆ ಥ್ರಾಟಲ್ ನಡೆಸುವುದಿಲ್ಲ.

ಕಾಗದದ ಕೆಲಸ ಪ್ಲಗ್ ಮುಟ್ಟುವ ಮೊದಲೇ ಮುಗಿಸಿ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ವಾಹನ ಬದಲಾವಣೆಗೆ ಸಂಬಂಧಿಸಿದ್ದು. ಆರ್‌ಟಿಒ ಅನುಮತಿ ತಗೊಂಡು ಹೊಸ ಎಂಜಿನ್ ನಂಬರ್ ಆರ್‌ಸಿಯಲ್ಲಿ ಏರಿಸಿಕೊಳ್ಳಬೇಕು. ಗುಜರಿಯಿಂದ ತಂದ ಎಂಜಿನ್ನಿಗೆ ಬಿಲ್ ಇಲ್ಲದಿದ್ದರೆ ಅಲ್ಲೇ ಸಿಕ್ಕಿಬೀಳುತ್ತೀರಿ.

ಪಿಕ್‌ಅಪ್ ಹಳೆಯ ಕಾರ್ಬ್ಯುರೇಟರ್ ಗಾಡಿಗೆ ಹೋಲಿಸುವ ಹಾಗೇ ಇಲ್ಲ. ಮೈಲೇಜೂ ಸುಧಾರಿಸಿದೆ. ಸ್ಪೀಡುಯಿನೊಗೆ ಐದಕ್ಕೆ ಮೂರೂವರೆ ಕೊಡುತ್ತೇನೆ. ದಾರಿಯಲ್ಲಿ ನಿಂತರೆ ಊರಿನ ಆಟೋ ಎಲೆಕ್ಟ್ರಿಷಿಯನ್‌ಗೆ ಇದು ಏನು ಅಂತಲೇ ಗೊತ್ತಾಗುವುದಿಲ್ಲ, ಒಂದೂವರೆ ಕಳೆದದ್ದು ಮುಖ್ಯವಾಗಿ ಅದಕ್ಕೆ. ಹಾಗಾಗಿ ಫರ್ಮ್‌ವೇರ್, ಟ್ಯೂನ್ ಎರಡೂ ತುಂಬಿಟ್ಟ ಇನ್ನೊಂದು ಮೆಗಾ ಬೋರ್ಡ್, ವೈರಿಂಗ್ ಚಿತ್ರದ ಪ್ರಿಂಟ್ ಮತ್ತು ಒಂದು ಕ್ರ್ಯಾಂಕ್ ಸೆನ್ಸರ್ ಗ್ಲೋವ್ ಬಾಕ್ಸಿನಲ್ಲಿ ಇಟ್ಟಿದ್ದೇನೆ. ಇದೇ ದಾರಿ ಹಿಡಿಯುವವರು ಈ ಮೂರಕ್ಕೂ ಮೊದಲೇ ಬಜೆಟ್ಟಿನಲ್ಲಿ ದುಡ್ಡು ತೆಗೆದಿಡಿ.