ಕಲಬುರಗಿಯ ಆಡಿಷನ್ ಕ್ಲಾಸಿಗೆ ನಾನು ಕೊಟ್ಟ 33,500 ರೂಪಾಯಿ

ಮೊನ್ನೆ ಬೀದರ್‌ನಲ್ಲಿರುವ ಗೆಳತಿ ಒಂದು ಫೋಟೊ ಕಳಿಸಿದಳು. ಗೋಡೆಗೆ ಹಚ್ಚಿದ ಪೋಸ್ಟರ್. 'ಸೀರಿಯಲ್, ಸಿನಿಮಾ ಆಡಿಷನ್ ತರಬೇತಿ, 30 ದಿನದಲ್ಲಿ ಕ್ಯಾಮೆರಾಗೆ ರೆಡಿ' ಅಂತ ದೊಡ್ಡ ಅಕ್ಷರ. ಸಂಸ್ಥೆಯ ಹೆಸರು ಬೇರೆ, ಫೋನ್ ನಂಬರೂ ಬೇರೆ. ಆದರೆ ಮೂಲೆಯಲ್ಲಿ ಹಾಕಿರುವ ಕ್ಲಾಸಿನ ಫೋಟೊ ನಮ್ಮ ಬ್ಯಾಚಿನದು. ಎರಡನೇ ಸಾಲಿನಲ್ಲಿ ಹಳದಿ ಚೂಡಿದಾರ್ ಹಾಕಿಕೊಂಡು ನಿಂತವಳು ನಾನು. ನೋಡಿ ಹೊಟ್ಟೆ ಉರಿಯಿತು. ಇಷ್ಟು ದಿನ ಮನೆಯವರಿಗೆ ಇನ್ನಷ್ಟು ನೋವಾಗುತ್ತದೆ ಅಂತ ಸುಮ್ನೆ ಇದ್ದೆ. ಇನ್ನು ಸುಮ್ನೆ ಇರಲ್ಲ.

ನಾನು ಕಾಲೇಜಿನಿಂದಲೂ ನಾಟಕ ಮಾಡಿದವಳು. ಕಲಬುರಗಿಯ ಎಸ್.ಎಂ. ಪಂಡಿತ್ ರಂಗಮಂದಿರದಲ್ಲಿ ಎರಡು ಸಲ ಪಾತ್ರ ಮಾಡಿದ್ದೇನೆ. ಸೀರಿಯಲ್‌ನಲ್ಲಿ ಕೆಲಸ ಮಾಡಬೇಕು ಅನ್ನುವ ಆಸೆ ಇತ್ತು, ಈಗಲೂ ಇದೆ. ಸೇಡಂ ರಸ್ತೆ ಕಡೆ ಒಂದು ಕಟ್ಟಡದ ಎರಡನೇ ಮಹಡಿಯಲ್ಲಿ ಈ ಕ್ಲಾಸು ಶುರುವಾದಾಗ ಹೋಗಿ ನೋಡಿದೆ. ಗೋಡೆ ತುಂಬ ಕನ್ನಡಿ, ಎರಡು ದೊಡ್ಡ ಲೈಟು, ನಡುವೆ ಟ್ರೈಪಾಡ್ ಮೇಲೆ ಒಂದು ಕ್ಯಾಮೆರಾ. ಆ ಕ್ಯಾಮೆರಾ ನೋಡಿಯೇ ನಾನು ನಂಬಿದ್ದು. ಊರಲ್ಲೇ ಕ್ಯಾಮೆರಾ ಮುಂದೆ ಕಲಿಯಬಹುದು, ಬೆಂಗಳೂರಿನಲ್ಲಿ ಪಿಜಿ ಬಾಡಿಗೆ ಕೊಟ್ಟು ಇರುವುದು ತಪ್ಪುತ್ತದೆ ಅಂದುಕೊಂಡೆ. ಫೀಸು 22,000. "ಚೀಟಿ ಎತ್ತಿ ಕೊಡ್ತೀನಿ, ನೀ ಚಲೋ ಕಲಿ" ಅಂದಳು ಅವ್ವ. ಕೊಟ್ಟಳು.

ದಿನಾ ಎರಡು ತಾಸು ಕ್ಲಾಸು. ಕನ್ನಡಿ ಮುಂದೆ ನಿಂತು ಸಿಟ್ಟು, ಅಳು, ನಗು ಮಾಡಿ ತೋರಿಸುವುದು. ಜೋರಾಗಿ ಡೈಲಾಗ್ ಹೇಳುವುದು. ಎಷ್ಟು ಜೋರಾಗಿ ಹೇಳಿದರೆ ಅಷ್ಟು ಚಪ್ಪಾಳೆ. ನಮ್ಮ ಕಡೆಯ ಮಾತು ಬಂದರೆ ಎಲ್ಲರೆದುರು ಅಣಕಿಸುತ್ತಿದ್ದರು, ಕಲಿಸುತ್ತಿರಲಿಲ್ಲ. ಕ್ಯಾಮೆರಾ ಯಾವಾಗ ಅಂತ ಕೇಳಿದರೆ "ಮೊದಲು ಮುಖ ರೆಡಿ ಆಗ್ಲಿ ಅಮ್ಮ" ಅನ್ನುತ್ತಿದ್ದರು.

ನಮ್ಮ ಜೊತೆ ಯಾದಗಿರಿಯಿಂದ ದಿನಾ ರೈಲಿನಲ್ಲಿ ಬರುತ್ತಿದ್ದ ಒಬ್ಬ ಹುಡುಗ ಇದ್ದ. ಮದುವೆ ವಿಡಿಯೊ ತೆಗೆದು ಫೀಸಿನ ದುಡ್ಡು ಹೊಂದಿಸಿದ್ದ. ಹನ್ನೊಂದನೇ ದಿನ, ಸರ್ ಚಹಾ ಕುಡಿಯಲು ಕೆಳಗಿಳಿದಾಗ ಅವನು ಆ ಕ್ಯಾಮೆರಾದ ಮಗ್ಗುಲಿನ ಸಣ್ಣ ಬಾಗಿಲು ತೆಗೆದ. ಒಂದು ನಿಮಿಷ ನೋಡಿ, ಕೆಳಗಿನದನ್ನೂ ತೆಗೆದ. "ಅಕ್ಕಾ, ಇದ್ರಾಗ ಕಾರ್ಡೇ ಇಲ್ಲ ನೋಡ್ರಿ. ಬ್ಯಾಟರಿನೂ ಇಲ್ಲ" ಅಂದ. ಬ್ಯಾಟರಿ ಇರಬೇಕಾದ ಜಾಗದಲ್ಲಿ ಬರೀ ಧೂಳು. ನಾವು ಒಂಬತ್ತು ಜನ ಅದರ ಮುಂದೆ ದಿನಾ ನಿಂತು ಫೋಟೊ ತೆಗೆಸಿಕೊಂಡಿದ್ದೆವು.

ಅವತ್ತೇ ಬಿಟ್ಟು ಬರಬೇಕಿತ್ತು. ಕೊಟ್ಟ ದುಡ್ಡು ಹೋಗುತ್ತದೆ ಅಂತ ಮುಂದುವರಿಸಿದೆ, ಇನ್ನೂ ಜಾಸ್ತಿ ಹೋಯಿತು. ಪೋರ್ಟ್‌ಫೋಲಿಯೊ, ಅಂದರೆ ತೋರಿಸಲು ತೆಗೆಸುವ ಫೋಟೊಗಳು, ಅಂತ 8,000, ಆರ್ಟಿಸ್ಟ್ ಕಾರ್ಡ್ ಅಂತ 3,500. ಕೊನೆ ವಾರ ನನಗೆ 'ತಂಗಿ ಪಾತ್ರ ಕನ್ಫರ್ಮ್' ಅಂತ ಫೋನ್ ಬಂತು, ಕಾಸ್ಟ್ಯೂಮಿಗೆ 40,000 ಕಟ್ಟಬೇಕಂತೆ. ಆಗ ಕಣ್ಣು ತೆರೆಯಿತು. ಬ್ಯಾಚಿನ ಇನ್ನೊಬ್ಬಳನ್ನು 'ಲುಕ್ ಟೆಸ್ಟ್' ಅಂತ ರಾತ್ರಿ ಎಂಟಕ್ಕೆ ಲಾಡ್ಜಿಗೆ ಕರೆದರು. ಅವಳು ಅಣ್ಣನನ್ನು ಕರೆದುಕೊಂಡು ಹೋದಳು. ಬಾಗಿಲಲ್ಲೇ "ಇವತ್ತು ಕ್ಯಾನ್ಸಲ್" ಅಂದರು. ಹುಡುಗಿಯರು ದಯವಿಟ್ಟು ಇದನ್ನು ಎರಡು ಸಲ ಓದಿ. ಆಡಿಷನ್ ಹಗಲು ಹೊತ್ತು, ಆಫೀಸಿನಲ್ಲೋ ಸ್ಟುಡಿಯೊದಲ್ಲೋ ನಾಲ್ಕು ಜನ ಇರುವ ಕಡೆ ಆಗಬೇಕು. ಮನೆಯವರು ಜೊತೆಗೆ ಬಂದರೆ ಬೇಡ ಅನ್ನುವವರ ಹತ್ತಿರ ಹೋಗಲೇಬೇಡಿ.

ಆಮೇಲೆ ನಾಟಕದ ಸೀನಿಯರ್ ಒಬ್ಬರು ಬೆಂಗಳೂರಿನ ಒಂದು ಆಡಿಷನ್ ಬಗ್ಗೆ ಹೇಳಿದರು. ರಾತ್ರಿ ರೈಲು ಹತ್ತಿ ಹೋದೆ. ಅಲ್ಲಿ ಒಂದು ಪೈಸೆ ಕೇಳಲಿಲ್ಲ. ಬಾಗಿಲಲ್ಲಿ ಹೆಸರು, ವಯಸ್ಸು, ಎತ್ತರ ಬರೆದುಕೊಂಡರು. ಆರ್ಟಿಸ್ಟ್ ಕಾರ್ಡ್ ಕೊಟ್ಟರೆ ತಿರುಗಿಸಿ ನೋಡಿ ವಾಪಸ್ ಕೊಟ್ಟರು. 8,000 ಕೊಟ್ಟು ತೆಗೆಸಿದ ಫೋಟೊದಲ್ಲಿ ನನ್ನನ್ನು ಎಷ್ಟು ಬೆಳ್ಳಗೆ ಮಾಡಿದ್ದರೆಂದರೆ, ಆಡಿಷನ್ ಮಾಡುತ್ತಿದ್ದ ಮೇಡಂ ಫೋಟೊ ನೋಡಿ, ನನ್ನ ಮುಖ ನೋಡಿ, "ಇದು ನೀವೇನಾ?" ಅಂತ ಕೇಳಿದರು. ಕಿಟಕಿ ಬೆಳಕಿನಲ್ಲಿ, ಮೇಕಪ್ ಇಲ್ಲದೆ, ಫೋನಿನಲ್ಲೇ ತೆಗೆದ ಎರಡು ಮೂರು ಇತ್ತೀಚಿನ ಫೋಟೊ ಸಾಕಾಗುತ್ತಿತ್ತಂತೆ.

ಕ್ಯಾಮೆರಾ ಮುಂದೆ ನಿಂತೆ. ಮೊದಲು ಹೆಸರು, ಊರು ಹೇಳಬೇಕು, ಎಡಕ್ಕೆ ಬಲಕ್ಕೆ ತಿರುಗಿ ಮುಖ ತೋರಿಸಬೇಕು. ಅದಕ್ಕೆ ಸ್ಲೇಟ್ ಅಂತಾರೆ. ಆಗ ಮಾತ್ರ ನೇರವಾಗಿ ಲೆನ್ಸ್ ನೋಡಬೇಕು. ದೃಶ್ಯ ಶುರುವಾದ ಮೇಲೆ, ಬೇರೆ ಹೇಳದಿದ್ದರೆ, ಲೆನ್ಸಿನ ಪಕ್ಕದಲ್ಲಿ ಕೂತು ಎದುರು ಪಾತ್ರದ ಮಾತು ಓದುವವರನ್ನು ನೋಡಬೇಕು. ನನಗೆ ಇದು ಗೊತ್ತೇ ಇರಲಿಲ್ಲ. ಲೆನ್ಸ್ ನೋಡಿಕೊಂಡೇ, ಕಲಿಸಿದ ಹಾಗೆ ಕೂಗಿದೆ. ಆ ಮೇಡಂ ಬೈಯಲಿಲ್ಲ. "ನಿಮ್ಮ ಧ್ವನಿ ಚೆನ್ನಾಗಿದೆ. ಆದರೆ ನಾನು ನಿಮ್ಮಿಂದ ನಾಲ್ಕು ಅಡಿ ದೂರದಲ್ಲಿ ಇದ್ದೀನಿ. ನೀವು ಕೊನೇ ಸಾಲಿನವರಿಗೆ ಹೇಳ್ತಿದ್ದೀರಿ" ಅಂದರು. ಇನ್ನೊಂದು ಸಲ, ಈ ಸಲ ಸಿಟ್ಟು ನುಂಗಿಕೊಂಡು ಹೇಳಿ ಅಂದರು. ನನಗೆ ಬದಲಾಯಿಸಲು ಆಗಲಿಲ್ಲ, ಅದೇ ಅಳತೆಯಲ್ಲಿ ಹೇಳಿದೆ. ಹೀಗೆ ಎರಡನೇ ಸಲ ಬೇರೆ ರೀತಿ ಹೇಳಿಸುವುದು ಹೇಳಿದ್ದನ್ನು ಕೇಳಿಸಿಕೊಂಡು ಬದಲಾಯಿಸುತ್ತೀವಾ ಅಂತ ನೋಡುವುದಕ್ಕಂತೆ. ಅದನ್ನು ಒಂದು ತಿಂಗಳಲ್ಲಿ ಒಂದು ಸಲವೂ ನಮಗೆ ಮಾಡಿಸಿರಲಿಲ್ಲ.

ಈಗ ಮನೆಯಲ್ಲೇ ಮಾಡುತ್ತೇನೆ. ಜೋಳದ ಹಿಟ್ಟಿನ ಡಬ್ಬಿಗಳ ಮೇಲೆ ಫೋನು, ಕಣ್ಣಿನ ಮಟ್ಟಕ್ಕೆ, ಅಡ್ಡಲಾಗಿ, ಹಿಂದಿನ ಕ್ಯಾಮೆರಾ. ಕಿಟಕಿ ನನ್ನ ಎದುರಿಗೆ, ಬೆನ್ನ ಹಿಂದೆ ಬರೀ ಗೋಡೆ. ಸಣ್ಣ ಗೆರೆಯ ಬಟ್ಟೆ ಹಾಕಲ್ಲ, ಪರದೆಯಲ್ಲಿ ಅದು ಅಲೆ ಅಲೆಯಾಗಿ ಅಲುಗುತ್ತದೆ. ನಮ್ಮೂರ ಸೆಕೆಯಲ್ಲಿ ಕಷ್ಟವೇ, ಆದರೂ ರೆಕಾರ್ಡ್ ಮಾಡುವಾಗ ಫ್ಯಾನ್ ಬಂದ್. ತಂಗಿ ಫೋನಿನ ಪಕ್ಕ ಕೂತು ಎದುರಿನ ಮಾತು ಓದುತ್ತಾಳೆ. ಆಮೇಲೆ ಇಬ್ಬರೂ ಕೂತು ನೋಡುತ್ತೇವೆ. ಮೊದಲ ದಿನವೇ ಕಂಡಿದ್ದು: ಪ್ರತಿ ಮಾತಿಗೂ ನನ್ನ ಹುಬ್ಬು ಮೇಲೇರುತ್ತದೆ. ರಂಗಮಂದಿರದಲ್ಲಿ ಅದು ಯಾರಿಗೂ ಕಾಣಲ್ಲ, ಎದೆಮಟ್ಟದ ಫ್ರೇಮಿನಲ್ಲಿ ಬೇರೇನೂ ಕಾಣಲ್ಲ. ಇನ್ನೊಂದು, ತಂಗಿ ಮಾತಾಡುವಾಗ ನಾನು ಕೇಳಿಸಿಕೊಳ್ಳುತ್ತಲೇ ಇರಲಿಲ್ಲ, ನನ್ನ ಸಾಲಿಗೆ ಕಾಯುತ್ತಿದ್ದೆ. ಕಣ್ಣಲ್ಲಿ ಅದು ಗೊತ್ತಾಗಿಬಿಡುತ್ತದೆ. 22,000 ಕೊಟ್ಟು ಕಲಿಯದ್ದನ್ನು ಹದಿನೈದು ದಿನದಲ್ಲಿ ಹಿಟ್ಟಿನ ಡಬ್ಬಿ ಮುಂದೆ ಕಲಿತೆ.

ಹಾಗಾಗಿ ಯಾವುದೇ ಕ್ಲಾಸಿಗೆ ಹೋದರೂ ಮೊದಲ ದಿನವೇ ಕೇಳಿ: ನಮ್ಮನ್ನು ರೆಕಾರ್ಡ್ ಮಾಡಿ ನಮಗೇ ತೋರಿಸುತ್ತೀರಾ? ವಾರಕ್ಕೆ ಎಷ್ಟು ಸಲ? ಇದಕ್ಕೆ ತಡವರಿಸಿದರೆ ಎದ್ದು ಬನ್ನಿ. ಪಾತ್ರ ಕೊಡಿಸುತ್ತೇವೆ ಅಂತ ದುಡ್ಡು ಕೇಳಿದರಂತೂ ಮಾತೇ ಬೇಡ, ಕೆಲಸ ಮಾಡುವವರಿಗೆ ಅವರು ದುಡ್ಡು ಕೊಡಬೇಕು. ಅಭಿನಯದ ಬುನಾದಿ ಬೇಕು ಅನ್ನುವವರಿಗೆ ಕಲಬುರಗಿಯಲ್ಲೇ ರಂಗಾಯಣ ಇದೆ, ಹೋಗಿ ವಿಚಾರಿಸಿ. ಹೆಗ್ಗೋಡಿನ ನೀನಾಸಂನಲ್ಲಿ ಒಂದು ವರ್ಷದ ಕೋರ್ಸ್ ಇದೆ. ಕ್ಯಾಮೆರಾಗೇ ಅಂದರೆ ಪುಣೆಯ ಸರ್ಕಾರಿ ಸಿನಿಮಾ ಶಾಲೆ ಎಫ್‌ಟಿಐಐ ಸಣ್ಣ ಕೋರ್ಸುಗಳನ್ನೂ ನಡೆಸುತ್ತದೆ, ನಮಗೆ ಬೆಂಗಳೂರಿಗಿಂತ ಪುಣೆ ಹತ್ತಿರ ಅಲ್ವಾ.

ದುಡ್ಡು ವಾಪಸ್ ಕೇಳಲು ಹೋದಾಗ ಆ ಮಹಡಿಗೆ ಬೀಗ ಬಿದ್ದಿತ್ತು. ನನ್ನ ಹತ್ತಿರ ರಸೀದಿ ಇಲ್ಲ, ಸಂಸ್ಥೆಯ ಹೆಸರಿಗಲ್ಲದೆ ಯಾರದೋ ನಂಬರಿಗೆ ಫೋನ್‌ಪೇ ಮಾಡಿದ ಸ್ಕ್ರೀನ್‌ಶಾಟ್‌ಗಳಿವೆ, ಅಷ್ಟೇ. ಅದನ್ನೇ ಇಟ್ಟುಕೊಂಡು ಜಿಲ್ಲಾ ಗ್ರಾಹಕರ ಆಯೋಗಕ್ಕೆ ದೂರು ಬರೆಯುತ್ತಿದ್ದೇನೆ. ಎರಡು ವರ್ಷದೊಳಗೆ ಕೊಡಬೇಕು, ಐದು ಲಕ್ಷದವರೆಗಿನ ವ್ಯವಹಾರಕ್ಕೆ ಶುಲ್ಕ ಇಲ್ಲ. ಮೊದಲು ವಿಚಾರಿಸಬೇಕೆಂದರೆ ಗ್ರಾಹಕ ಸಹಾಯವಾಣಿ 1915. ಫೋನಿನಲ್ಲೇ ಮೋಸ ಮಾಡಿ ದುಡ್ಡು ಹಾಕಿಸಿಕೊಂಡಿದ್ದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಹೇಳಿ. ನಮ್ಮ ಬ್ಯಾಚಿನವರು ಯಾರಾದರೂ ಓದುತ್ತಿದ್ದರೆ ನನಗೆ ಮೆಸೇಜ್ ಮಾಡಿ, ಯಾದಗಿರಿಯ ಆ ತಮ್ಮ ಈಗಾಗಲೇ ಜೊತೆಗಿದ್ದಾನೆ.

ಬೀದರ್‌ನ ಬ್ಯಾಚು ಬರುವ ಸೋಮವಾರ ಶುರುವಂತೆ. ಅಲ್ಲಿ ನಿಮ್ಮವರು ಯಾರಾದರೂ ಸೇರುವವರಿದ್ದರೆ ಇವತ್ತೇ ಇದನ್ನು ಕಳಿಸಿ. ಪೋಸ್ಟರ್‌ನಲ್ಲಿರುವ ಹಳದಿ ಚೂಡಿದಾರ್ ಹುಡುಗಿಗೆ ಆ ಕ್ಲಾಸಿನಿಂದ ಒಂದು ಆಡಿಷನ್ ಕೂಡ ಸಿಗಲಿಲ್ಲ ಅಂತ ಹೇಳಿ.