ಕೀಪ್‌ಅಲೈವ್ಡ್ ಮತ್ತು ಎಚ್‌ಎಪ್ರಾಕ್ಸಿ: ಮಂಗಳೂರಿನ ಮಳೆಗಾಲಗಳ ನಂತರ

ಮಂಗಳೂರಿನ ಬಿಜೈಯಲ್ಲಿ ನಮ್ಮ ಆಫೀಸು. ಗ್ರಾಹಕರು ಆರ್ಡರ್ ಹಾಕುವ ಸೈಟು ಇಲ್ಲಿರುವ ಸರ್ವರ್‌ಗಳಲ್ಲೇ ಓಡುತ್ತದೆ. ಅವುಗಳ ಮುಂದೆ ಎರಡು ಸಣ್ಣ ಮಷೀನ್ ಇಟ್ಟು, ಎರಡರಲ್ಲೂ ಎಚ್‌ಎಪ್ರಾಕ್ಸಿ (ಬರುವ ಗ್ರಾಹಕರನ್ನು ಸರ್ವರ್‌ಗಳಿಗೆ ಹಂಚುವ ಸಾಫ್ಟ್‌ವೇರ್), ಕೀಪ್‌ಅಲೈವ್ಡ್ (ಒಂದು ಮಷೀನ್ ಬಿದ್ದರೆ ಇನ್ನೊಂದನ್ನು ಕೆಲಸಕ್ಕೆ ಇಳಿಸುವ ಸಾಫ್ಟ್‌ವೇರ್) ಹಾಕಿದ್ದೇವೆ. ಈ ಎರಡು ಸಾಫ್ಟ್‌ವೇರ್‌ಗೂ ದುಡ್ಡು ಕೊಡಬೇಕಾಗಿಲ್ಲ. ಕೆಲವು ಮಳೆಗಾಲ ನೋಡಿದ ಮೇಲೆ ಧೈರ್ಯವಾಗಿ ಹೇಳುತ್ತೇನೆ, ಇದು ನಂಬಬಹುದಾದ ಜೋಡಿ.

ಎಚ್‌ಎಪ್ರಾಕ್ಸಿ 2001ರಿಂದ ಇದೆ. ಚೆಕ್ ಮಾಡು ಎಂದು ಸೆಟ್ಟಿಂಗ್‌ನಲ್ಲಿ ಹೇಳಿದರೆ, ಹಿಂದಿರುವ ವೆಬ್ ಸರ್ವರ್‌ಗಳನ್ನು 2 ಸೆಕೆಂಡಿಗೊಮ್ಮೆ ವಿಚಾರಿಸುತ್ತದೆ. ಸತತ 3 ಸಲ ಉತ್ತರ ಬರದಿದ್ದರೆ ಆ ಸರ್ವರನ್ನು ಬದಿಗಿಡುತ್ತದೆ, 2 ಸಲ ಸರಿ ಉತ್ತರ ಬಂದರೆ ಮತ್ತೆ ಸೇರಿಸಿಕೊಳ್ಳುತ್ತದೆ. ಆದರೆ ಅಷ್ಟಕ್ಕೇ ಬಿಟ್ಟರೆ ಅದು ನೋಡುವುದು ಸರ್ವರಿನ ಪೋರ್ಟ್ (ಕನೆಕ್ಷನ್ ಒಳಗೆ ಬರುವ ಬಾಗಿಲು) ತೆರೆದಿದೆಯಾ ಅಂತ ಮಾತ್ರ. ಒಳಗೆ ಆ್ಯಪ್ ಎಡವಟ್ಟಾಗಿ ಗ್ರಾಹಕರಿಗೆ 500 ಎರರ್ ಹೋಗುತ್ತಿದ್ದರೂ ಅದಕ್ಕೆ ಎಲ್ಲ ಸರಿಯೇ! ಹಾಗಾಗಿ ಡೇಟಾಬೇಸ್ ಮುಟ್ಟಿ ಬರುವ ಒಂದು ಪುಟ್ಟ ಪೇಜ್ ಮಾಡಿ, ಅದನ್ನೇ ಕೇಳುವಂತೆ ಇಟ್ಟಿದ್ದೇವೆ.

ಕೀಪ್‌ಅಲೈವ್ಡ್ ಕೆಲಸ ಬೇರೆ. ಮುಖ್ಯ ಮಷೀನ್ ಸೆಕೆಂಡಿಗೊಮ್ಮೆ ‘ನಾನಿದ್ದೇನೆ’ ಎನ್ನುತ್ತಿರುತ್ತದೆ. ಆ ಸುದ್ದಿ ನಿಂತರೆ 4 ಸೆಕೆಂಡಿನೊಳಗೆ ಇನ್ನೊಂದು ಮಷೀನ್ ಸೈಟಿನ ಐಪಿ ವಿಳಾಸವನ್ನು ತಾನು ತೆಗೆದುಕೊಳ್ಳುತ್ತದೆ. ಆ ಹೊತ್ತಿಗೆ ನಡೆಯುತ್ತಿದ್ದ ಡೌನ್‌ಲೋಡ್ ಕಡಿದುಹೋಗುತ್ತದೆ, ಉಳಿದವರಿಗೆ ಪೇಜ್ ತುಸು ನಿಧಾನ ಅಷ್ಟೇ. ಮಷೀನ್ ನೆಟ್ಟಗಿದ್ದು ಎಚ್‌ಎಪ್ರಾಕ್ಸಿ ಮಾತ್ರ ಬಿದ್ದರೆ ಕೀಪ್‌ಅಲೈವ್ಡ್‌ಗೆ ಗೊತ್ತಾಗುವುದಿಲ್ಲ. ಚೆಕ್ ಸ್ಕ್ರಿಪ್ಟ್ ನಾವೇ ಬರೆದುಕೊಡಬೇಕು.

ನಮ್ಮೂರಿನವರು ನೋಡಲೇಬೇಕಾದ ಸೆಟ್ಟಿಂಗ್ ಒಂದಿದೆ, ‘ನೋಪ್ರೀಎಂಪ್ಟ್’. ಮೇ ತಿಂಗಳ ಗುಡುಗಿಗೆ ಕರೆಂಟು ಹೋಗಿ ಬಂದು ಆಟ ಆಡುವುದು ಗೊತ್ತಲ್ವಾ ಮಾರಾಯ್ರೇ? ಈ ಸೆಟ್ಟಿಂಗ್ ಇಲ್ಲದಿದ್ದರೆ ಮುಖ್ಯ ಮಷೀನ್ ಎದ್ದ ಕೂಡಲೇ ಐಪಿಯನ್ನು ವಾಪಸ್ ಎಳೆದುಕೊಳ್ಳುತ್ತದೆ, ಮತ್ತೆ ಬಿದ್ದರೆ ಮತ್ತೆ ಬಿಟ್ಟುಕೊಡುತ್ತದೆ. ಪ್ರತಿ ಸಲ ಗ್ರಾಹಕರ ಕನೆಕ್ಷನ್ ಕಡಿಯುತ್ತದೆ. ಎರಡನ್ನೂ ‘ಬ್ಯಾಕಪ್’ ಸ್ಥಿತಿಯಲ್ಲೇ ಶುರುಮಾಡಿಸಿ ಈ ಸೆಟ್ಟಿಂಗ್ ಹಾಕಿದರೆ, ಐಪಿ ಯಾರ ಕೈಯಲ್ಲಿದೆಯೋ ಅಲ್ಲೇ ನಿಲ್ಲುತ್ತದೆ. ನಮಗೆ ಇದರಿಂದಲೇ ಜಾಸ್ತಿ ನೆಮ್ಮದಿ ಸಿಕ್ಕಿದ್ದು.

5ಕ್ಕೆ 4 ಅಂಕ ಕೊಡುತ್ತೇನೆ. ಒಂದು ಕಳೆದದ್ದು ಯಾಕೆಂದರೆ, ಎರಡು ಮಷೀನ್‌ಗೆ ಒಂದರ ಮಾತು ಒಂದಕ್ಕೆ ಕೇಳದಿದ್ದರೆ ಎರಡೂ ಯಜಮಾನರಾಗುತ್ತವೆ. ಒಂದೇ ಐಪಿ ಎರಡು ಕಡೆ! ಆ ‘ನಾನಿದ್ದೇನೆ’ ಸುದ್ದಿ ಹೋಗುವುದು ವಿಆರ್‌ಆರ್‌ಪಿ ಎಂಬ ಪ್ರೋಟೋಕಾಲ್‌ನಲ್ಲಿ. ಅದಕ್ಕೆ ಟಿಸಿಪಿ, ಯುಡಿಪಿ ಪೋರ್ಟ್ ಇಲ್ಲ, ಫೈರ್‌ವಾಲ್‌ನಲ್ಲಿ ಪ್ರೋಟೋಕಾಲ್ 112 ಬಿಡಬೇಕು. ಸ್ವಿಚ್ ಮಲ್ಟಿಕಾಸ್ಟ್ (ಒಂದೇ ಸಲ ಹಲವು ಮಷೀನಿಗೆ ಸುದ್ದಿ ಕಳಿಸುವುದು) ತಡೆಯುತ್ತಿದ್ದರೆ ಯುನಿಕಾಸ್ಟ್‌ನಲ್ಲಿ (ಒಂದೇ ಮಷೀನಿಗೆ ನೇರವಾಗಿ ಕಳಿಸುವುದು) ಎದುರಿನ ಮಷೀನಿನ ವಿಳಾಸ ಕೊಡಿ.

ಹಾಕುವವರು ಎರಡಕ್ಕೂ ಬೇರೆ ಬೇರೆ ಯುಪಿಎಸ್, ಬೇರೆ ಸ್ವಿಚ್ ಕೊಡಿ. ಒಂದೇ ಯುಪಿಎಸ್‌ಗೆ ಎರಡನ್ನೂ ಸಿಕ್ಕಿಸಿದರೆ ಎರಡನೆಯ ಮಷೀನಿಗೆ ಕೊಟ್ಟ ದುಡ್ಡು ದಂಡ. ಡೇಟಾಬೇಸ್‌ಗೂ ಇನ್ನೊಂದು ಪ್ರತಿ ಬೇಕು, ಈ ಜೋಡಿ ಅದನ್ನು ಕಾಯುವುದಿಲ್ಲ. ನಿಮ್ಮ ಸೈಟು ಕ್ಲೌಡಿನಲ್ಲಿದ್ದರೆ ಅವರದೇ ಲೋಡ್ ಬ್ಯಾಲೆನ್ಸರ್ (ಎಚ್‌ಎಪ್ರಾಕ್ಸಿಯಂತೆ ಕೆಲಸ ಹಂಚುವ ಸೇವೆ) ತೆಗೆದುಕೊಳ್ಳಿ, ಐಪಿ ಹೀಗೆ ದಾಟಿಸುವುದು ಅಲ್ಲಿ ಸಾಮಾನ್ಯವಾಗಿ ನಡೆಯುವುದಿಲ್ಲ.